ಮಣಿಪಾಲದ ಹೆಸರಲ್ಲಿ ಮೂರು ವಿವಿ, ಮೂರು ಕಾಯ್ದೆ: ಖಾಸಗಿ ಪದವಿಯ ಜಾತಕ ಓದುವುದು ಹೇಗೆ?

ಮಣಿಪಾಲದ ಹೆಸರು ಹೊತ್ತ ವಿಶ್ವವಿದ್ಯಾಲಯಗಳು ದೇಶದಲ್ಲಿ ಮೂರಿವೆ. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿರುವ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್, ಅಂದರೆ ಮಾಹೆ, ಒಂದು. ಇನ್ನೆರಡು ಸಿಕ್ಕಿಂ ಮಣಿಪಾಲ್ ಯೂನಿವರ್ಸಿಟಿ ಮತ್ತು ಮಣಿಪಾಲ್ ಯೂನಿವರ್ಸಿಟಿ ಜೈಪುರ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಮನೆಯವು. ಕಾನೂನಿನ ಕಣ್ಣಿಗೆ ಮೂರೂ ಬೇರೆ. ಮಾಹೆ ಹುಟ್ಟಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆಯ 3ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದ; ಸಿಕ್ಕಿಮಿನದು ಅಲ್ಲಿನ ವಿಧಾನಸಭೆಯ 1995ರ ಕಾಯ್ದೆಯಿಂದ; ಜೈಪುರದ್ದು ರಾಜಸ್ಥಾನದ 2011ರ ಕಾಯ್ದೆಯಿಂದ. ಮೊದಲನೆಯದು ಡೀಮ್ಡ್ ವಿವಿ, ಉಳಿದೆರಡು ರಾಜ್ಯ ಖಾಸಗಿ ವಿವಿ.

ಪಿಯುಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲಿ ನಡೆಯುವ ಚರ್ಚೆಯಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇರುವುದಿಲ್ಲ. ಶುಲ್ಕ ಎಷ್ಟು, ಪ್ಲೇಸ್‌ಮೆಂಟ್ ಹೇಗೆ, ಹಾಸ್ಟೆಲ್ ಊಟ ಹೇಗೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಸೀಟು ಯಾರ ಕೈಯಲ್ಲಿ, ಶುಲ್ಕಕ್ಕೆ ಮಿತಿ ಉಂಟೇ, ಸಿಲೆಬಸ್ ಯಾರು ಬರೆಯುತ್ತಾರೆ, ನಾಳೆ ಪದವಿ ಎಲ್ಲೆಲ್ಲಿ ನಡೆಯುತ್ತದೆ ಎಂಬುದೆಲ್ಲ ತೀರ್ಮಾನವಾಗುವುದು ಸಂಸ್ಥೆ ಯಾವ ಕಾಯ್ದೆಯಡಿ ಹುಟ್ಟಿತು ಎಂಬುದರ ಮೇಲೆ. ಮಣಿಪಾಲದ ಎಪ್ಪತ್ತು ವರ್ಷಗಳ ಚರಿತ್ರೆ ಇದಕ್ಕೆ ಒಳ್ಳೆಯ ಕೈಪಿಡಿ. ಖಾಸಗಿ ಉನ್ನತ ಶಿಕ್ಷಣದ ಬಹುತೇಕ ಎಲ್ಲ ಜಗಳಗಳೂ ಒಂದಲ್ಲ ಒಂದು ಹಂತದಲ್ಲಿ ಆ ಗುಡ್ಡ ಹತ್ತಿ ಇಳಿದಿವೆ.

ಆಸ್ಪತ್ರೆಗೆ ಮೊದಲೇ ಕಾಲೇಜು

ಡಾ. ಟಿ.ಎಂ.ಎ. ಪೈ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದಾಗ ಅದರ ಗುರಿ ಡಾಕ್ಟರ್, ಎಂಜಿನಿಯರುಗಳಲ್ಲ, ಕೈಕಸುಬು ಕಲಿಸುವುದು. ಅಷ್ಟರಲ್ಲಾಗಲೇ ಉಡುಪಿಯಲ್ಲಿ 1925ರಲ್ಲಿ ಅವರೂ ಸೇರಿ ಶುರುಮಾಡಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಬೇರೂರಿತ್ತು. ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆ ಒಯ್ಯುವ ಪಿಗ್ಮಿ ಠೇವಣಿ 1928ರಿಂದ ನಡೆದಿತ್ತು. ಸಣ್ಣ ಸಣ್ಣ ಮೊತ್ತ ಕೂಡಿಸಿ ದೊಡ್ಡ ಸಂಸ್ಥೆ ನಿಲ್ಲಿಸುವ ಈ ಲೆಕ್ಕಾಚಾರವೇ ಕಾಲೇಜಿಗೂ ಬಂತು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಾಗ ಮಣಿಪಾಲ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಸರ್ಕಾರದ ಅನುದಾನವಿಲ್ಲದೆ ವಿದ್ಯಾರ್ಥಿಗಳು ಕೊಡುವ ಹಣದಲ್ಲೇ ವೈದ್ಯಕೀಯ ಕಾಲೇಜು ನಡೆಸುವ ಮಾದರಿ ದೇಶಕ್ಕೆ ಹೊಸದು. ತೊಡಕೂ ಅಲ್ಲೇ ಇತ್ತು. ಅಂಗರಚನೆ, ಶರೀರಕ್ರಿಯೆಯ ಪಾಠಕ್ಕೆ ಪ್ರಯೋಗಾಲಯ ಕಟ್ಟಿದರೆ ಸಾಕು. ಕ್ಲಿನಿಕಲ್ ಪಾಠಕ್ಕೆ ರೋಗಿಗಳು ಬೇಕು, ಬೋಳುಗುಡ್ಡದಲ್ಲಿ ಅವರೆಲ್ಲಿಂದ ಬರಬೇಕು? ಪರಿಹಾರ ಸಿಕ್ಕಿದ್ದು ಅರವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ. ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಮತ್ತು ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಯ ವಾರ್ಡುಗಳಲ್ಲಿ ವಿದ್ಯಾರ್ಥಿಗಳಿಗೆ ಕಲಿಯಲು ಒಪ್ಪಂದವಾಯಿತು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಖಾಸಗಿ ಕಾಲೇಜಿಗೆ ಸರ್ಕಾರಿ ಆಸ್ಪತ್ರೆ ಎಂಬ ಈ ಏರ್ಪಾಟನ್ನು ಇಂದಿನ ಭಾಷೆಯಲ್ಲಿ ಸರ್ಕಾರಿ–ಖಾಸಗಿ ಸಹಭಾಗಿತ್ವ (ಪಿಪಿಪಿ) ಎನ್ನುತ್ತಾರೆ. ಆ ಕಾಲಕ್ಕೆ ಅದಕ್ಕೆ ಹೆಸರಿರಲಿಲ್ಲ.

1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1960ರ ದಶಕದಲ್ಲಿ ಫಾರ್ಮಸಿ ಮತ್ತು ದಂತ ವೈದ್ಯಕೀಯ ಬಂದವು. ಕಾಲೇಜು ಖಾಸಗಿ, ಪದವಿ ಮಾತ್ರ ಸರ್ಕಾರಿ ವಿವಿಯದು. ಎಂಜಿನಿಯರಿಂಗ್ ಕಾಲೇಜಿನ ಸಂಯೋಜನೆ ಮೊದಲು ಧಾರವಾಡದ ಕರ್ನಾಟಕ ವಿವಿಗೆ, ಆಮೇಲೆ ಮೈಸೂರಿಗೆ, 1980ರ ಬಳಿಕ ಮಂಗಳೂರಿಗೆ ಬದಲಾಯಿತು. ಪ್ರಶ್ನೆಪತ್ರಿಕೆ ವಿವಿಯದು, ಮೌಲ್ಯಮಾಪನ ವಿವಿಯದು, ಘಟಿಕೋತ್ಸವವೂ ವಿವಿಯದೇ. ಹೊಸ ಕೋರ್ಸ್ ತೆರೆಯಬೇಕಾದರೆ ಸ್ಥಳೀಯ ವಿಚಾರಣಾ ಸಮಿತಿ, ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್, ಸರ್ಕಾರ ಎಂದು ಕಡತ ಅಲೆಯಬೇಕಿತ್ತು.

ಕ್ಯಾಪಿಟೇಷನ್ ಜಗಳ ಮತ್ತು 1993

ಎಂಬತ್ತರ ದಶಕದ ಹೊತ್ತಿಗೆ ಕರ್ನಾಟಕ, ಸೀಟಿಗೆ ವಂತಿಗೆ ಪಡೆಯುವ ಕ್ಯಾಪಿಟೇಷನ್ ಕಾಲೇಜುಗಳ ರಾಜ್ಯವೆಂದೇ ಹೆಸರಾಗಿತ್ತು. ದೆಹಲಿ, ಬಿಹಾರ, ಪಂಜಾಬಿನ ವಿದ್ಯಾರ್ಥಿಗಳು ಇಲ್ಲಿಗೆ ರೈಲು ಹತ್ತುತ್ತಿದ್ದರು. ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ನಿಷೇಧವಾದದ್ದು ಹೆಸರಿಗೆ. ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಪಡೆಯಲು ಬಿಟ್ಟಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, 60,000 ರೂಪಾಯಿ ಎಂಬುದು ಶುಲ್ಕವಲ್ಲ, ಕ್ಯಾಪಿಟೇಷನ್ನೇ ಎಂದಿತು. ಮರುವರ್ಷದ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡೂ ಮೆರಿಟ್ ಮೇಲೆ ಎಂಬ ಸೂತ್ರ ಕೊಟ್ಟಿತು. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಸೆಲ್ ಹುಟ್ಟಿದ್ದು ಇದರ ಬೆನ್ನಿಗೇ. ಹಳ್ಳಿಯ ಸಾವಿರಾರು ಮಕ್ಕಳು ಆಸ್ತಿ ಮಾರದೆ ಎಂಜಿನಿಯರ್, ಡಾಕ್ಟರ್ ಆದದ್ದು ಆ ವ್ಯವಸ್ಥೆಯಿಂದ.

1993ರ ಜೂನ್‌ನಲ್ಲಿ ಮಣಿಪಾಲದ ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳು ಸೇರಿ ಮಾಹೆ ಡೀಮ್ಡ್ ವಿವಿ ಆಯಿತು. ಒಂದಕ್ಕೊಂದು ಗಂಟು ಹಾಕಬೇಕಿಲ್ಲ. ಆದರೆ ಸರ್ಕಾರದ ಹಿಡಿತ ಬಿಗಿಯಾಗುತ್ತಿದ್ದ ಹೊತ್ತಿನಲ್ಲೇ ಪದವಿ ಕೊಡುವ ಅಧಿಕಾರ ಕಾಲೇಜಿನ ಕೈಗೆ ಬಂತು ಎಂಬುದನ್ನು ಮರೆಯಬಾರದು. ಅದೇ ವರ್ಷ ಟಿ.ಎಂ.ಎ. ಪೈ ಫೌಂಡೇಷನ್ ಹೂಡಿದ ಅರ್ಜಿ 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠದ ತೀರ್ಪಾಯಿತು. ಫ್ರೀ ಸೀಟು–ಪೇಮೆಂಟ್ ಸೀಟು ಸೂತ್ರ ಅಲ್ಲಿಗೆ ಬಿದ್ದಿತು. ಅನುದಾನ ಪಡೆಯದ ಸಂಸ್ಥೆ ತನ್ನ ಶುಲ್ಕ ತಾನೇ ಗೊತ್ತುಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು. ಲಾಭಕೋರತನ, ಕ್ಯಾಪಿಟೇಷನ್ ಕೂಡದು. ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರು ಎಂಬುದನ್ನು ಯಾರೂ ಅಳೆದು ಹೇಳಿಲ್ಲ. ಇಂದಿನ ಶುಲ್ಕಪಟ್ಟಿಗಳೆಲ್ಲ ಆ ಸಂದಿಯಲ್ಲೇ ವಾಸವಾಗಿವೆ.

ಎಂಜಿನಿಯರಿಂಗ್ ಕಾಲೇಜು ಮಾಹೆಯ ಅಂಗಸಂಸ್ಥೆಯಾದದ್ದು 2000ದಲ್ಲಿ, ರಾಜ್ಯದ ತಾಂತ್ರಿಕ ವಿವಿಯಾದ ವಿಟಿಯು ಹುಟ್ಟಿ ಎರಡು ವರ್ಷದ ಬಳಿಕ. ನಡುವೆ ಸುಮಾರು ಒಂದು ದಶಕ ಸಂಸ್ಥೆ ಮಣಿಪಾಲ್ ಯೂನಿವರ್ಸಿಟಿ ಎಂದು ಕರೆದುಕೊಂಡಿತು. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಯುಜಿಸಿ 123 ಡೀಮ್ಡ್ ಸಂಸ್ಥೆಗಳಿಗೆ ಹೆಸರಿನಿಂದ ಯೂನಿವರ್ಸಿಟಿ ತೆಗೆಯಲು ಸೂಚಿಸಿದಾಗ ಮತ್ತೆ ಹಳೆಯ ಹೆಸರಿಗೆ ಮರಳಿತು. ಹಾಗಾಗಿ ಅಣ್ಣನ ಪ್ರಮಾಣಪತ್ರದಲ್ಲಿ ಒಂದು ಹೆಸರು, ತಂಗಿಯದರಲ್ಲಿ ಇನ್ನೊಂದು ಇರಬಹುದು. ಪದವಿಯ ಮಾನ್ಯತೆಗೆ ಧಕ್ಕೆಯಿಲ್ಲ. ವಿದೇಶಕ್ಕೆ ಅರ್ಜಿ ಹಾಕುವವರು ಹೆಸರು ಬದಲಾವಣೆಯ ಪತ್ರವನ್ನು ಜೊತೆಗಿಟ್ಟುಕೊಂಡರೆ ಆಯಿತು.

ಹೆಸರು ಬದಲಿಗೆ ಕಾರಣವಾದ ಆ ಪ್ರಕರಣದ ಮೂಲ ಮಾತ್ರ ಗಂಭೀರವಾದದ್ದು. ಕೆಲವು ಡೀಮ್ಡ್ ವಿವಿಗಳು ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಹಂಚಿದ್ದವು. 2001–05ರ ನಡುವೆ ಸೇರಿದವರ ಪದವಿಯನ್ನು ಅಮಾನತಿನಲ್ಲಿಟ್ಟು, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾದರಷ್ಟೇ ಉಳಿಯುತ್ತದೆ ಎಂದ ಕೋರ್ಟ್, ಆಮೇಲೆ ಸೇರಿದವರ ಪದವಿಯನ್ನು ರದ್ದು ಮಾಡಿತು. ನೌಕರಿ ಸಿಕ್ಕು, ಬಡ್ತಿಯೂ ಆದ ಮೇಲೆ ಬಂದ ಏಟದು.

ರಾಜ್ಯ ಖಾಸಗಿ ವಿವಿ ಎಂಬ ಇನ್ನೊಂದು ದಾರಿ

ಡೀಮ್ಡ್ ಸ್ಥಾನಕ್ಕೆ ದೆಹಲಿಯ ಬಾಗಿಲು ತಟ್ಟಬೇಕು. ಅದರ ಬದಲು ರಾಜ್ಯದ ಶಾಸನಸಭೆಯಿಂದ ಒಂದು ಕಾಯ್ದೆ ಮಾಡಿಸಿಕೊಂಡರೆ? ಸಿಕ್ಕಿಂ ಮಣಿಪಾಲ ದೇಶದಲ್ಲಿ ಆ ದಾರಿ ತುಳಿದ ಮೊದಲನೆಯದು. ಆ ದಾರಿ ಹಾಳಾದದ್ದು ಛತ್ತೀಸಗಢದಲ್ಲಿ. ಅಲ್ಲಿನ 2002ರ ಕಾಯ್ದೆ ಬರೀ ಗೆಜೆಟ್ ಪ್ರಕಟಣೆಯಿಂದ ವಿವಿ ಹುಟ್ಟಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ನೋಡನೋಡುತ್ತ ನೂರಕ್ಕೂ ಹೆಚ್ಚು ವಿವಿಗಳು ಎದ್ದವು, ಹಲವಕ್ಕೆ ಒಂದೆರಡು ಕೋಣೆ ಬಿಟ್ಟರೆ ಏನೂ ಇರಲಿಲ್ಲ. ವಿಜ್ಞಾನಿ ಪ್ರೊ. ಯಶ್‌ಪಾಲ್ ಅರ್ಜಿಯ ಮೇಲೆ 2005ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ 5 ಮತ್ತು 6ನೇ ಸೆಕ್ಷನ್ ಹೊಡೆದುಹಾಕಿತು, ಅಷ್ಟೂ ವಿವಿಗಳು ಒಂದೇ ದಿನದಲ್ಲಿ ಇಲ್ಲವಾದವು. ಕಲಿಯುತ್ತಿದ್ದವರನ್ನು ಇತರ ವಿವಿಗಳಿಗೆ ಸಂಯೋಜಿಸಿ ಉಳಿಸಿಕೊಳ್ಳುವ ಕೆಲಸ ರಾಜ್ಯದ ಪಾಲಿಗೆ ಬಂತು.

ಕರ್ನಾಟಕ ತಡವಾಗಿ ಬಂದರೂ ಈ ಪಾಠ ಕಲಿತು ಬಂತು. ಇಲ್ಲಿ ಒಂದೊಂದು ವಿವಿಗೂ ಪ್ರತ್ಯೇಕ ಕಾಯ್ದೆ. ಅಲಯನ್ಸ್ ಮತ್ತು ಅಜೀಂ ಪ್ರೇಮ್‌ಜಿ ವಿವಿಗಳ ಕಾಯ್ದೆ 2010ರವು. ಪಿಇಎಸ್, ರೇವಾ, ಪ್ರೆಸಿಡೆನ್ಸಿ, ರಾಮಯ್ಯ, ದಯಾನಂದ ಸಾಗರ್ ಮುಂದಿನ ಕೆಲವೇ ವರ್ಷಗಳಲ್ಲಿ ಬಂದವು. ಹುಬ್ಬಳ್ಳಿಯಲ್ಲಿ 1947ರಿಂದ ನಡೆದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಕೆಎಲ್‌ಇ ತಾಂತ್ರಿಕ ವಿವಿಯಾಯಿತು. ಕಲಬುರಗಿಯಲ್ಲಿ ಶರಣಬಸವ ವಿವಿ ಬಂತು. ಕ್ರೈಸ್ಟ್, ಜೈನ್, ನಿಟ್ಟೆ, ಯೇನೆಪೋಯ, ಜೆಎಸ್‌ಎಸ್ ಮಾತ್ರ ಮಾಹೆಯಂತೆ ಡೀಮ್ಡ್ ಸಾಲಿನವು.

ರಾಜ್ಯ ಖಾಸಗಿ ವಿವಿ ಬೇರೆ ಕಾಲೇಜುಗಳನ್ನು ಸಂಯೋಜಿಸಿಕೊಳ್ಳುವಂತಿಲ್ಲ, ರಾಜ್ಯದ ಗಡಿ ದಾಟಿ ಕೇಂದ್ರ ತೆರೆಯುವಂತಿಲ್ಲ. ಹೊರರಾಜ್ಯದ ಖಾಸಗಿ ವಿವಿಯ ‘ಬೆಂಗಳೂರು ಸ್ಟಡಿ ಸೆಂಟರ್’ ಎಂಬ ಫಲಕ ಕಂಡರೆ ಅಲ್ಲಿಂದ ಕಾಲ್ತೆಗೆಯುವುದೇ ಲೇಸು. ಆನ್‌ಲೈನ್ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ವಿವಿ, ಆ ಕೋರ್ಸ್, ಆ ವರ್ಷ ಮೂರೂ ಇರಬೇಕು. ವಿವಿಯ ಹೆಸರಷ್ಟೇ ಇದ್ದರೆ ಸಾಲದು.

ಸೀಟು ಯಾರ ಕೈಯಲ್ಲಿ?

ಮಣಿಪಾಲದ ಎಂಜಿನಿಯರಿಂಗ್ ಸೀಟು ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಏಕೆ ಕಾಣುವುದಿಲ್ಲ ಎಂದು ಪೋಷಕರು ಪ್ರತಿವರ್ಷ ಕೇಳುತ್ತಾರೆ. ಕಾಯ್ದೆಯ ವ್ಯತ್ಯಾಸ ಜೇಬಿಗೆ ತಟ್ಟುವುದು ಇಲ್ಲೇ. ವಿಟಿಯು ಅಡಿಯ ಅಲ್ಪಸಂಖ್ಯಾತೇತರ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಸಿಇಟಿಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ ಕಾಮೆಡ್‌–ಕೆಗೆ, ಉಳಿದ ಶೇ 25 ಮ್ಯಾನೇಜ್‌ಮೆಂಟಿಗೆ. ರಾಜ್ಯ ಖಾಸಗಿ ವಿವಿಯಲ್ಲಿ ಶೇ 40 ಸಿಇಟಿ ಮೂಲಕ, ಶೇ 60 ವಿವಿ ತಾನೇ ತುಂಬಿಕೊಳ್ಳುತ್ತದೆ. ಪಿಇಎಸ್‌ನ ಪೆಸ್ಸಾಟ್ ಅಂಥದ್ದೊಂದು ಪರೀಕ್ಷೆ. ಡೀಮ್ಡ್ ವಿವಿ ರಾಜ್ಯದ ಕಾಯ್ದೆಯಿಂದ ಹುಟ್ಟಿದ್ದಲ್ಲ, ಹಾಗಾಗಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಎಂಐಟಿಗೆ ಮಾಹೆಯದೇ ಪ್ರವೇಶ ಪರೀಕ್ಷೆ. ಮನೆಯಿಂದ ಐದು ಕಿಲೋಮೀಟರ್ ದೂರವಿದ್ದರೂ ಉಡುಪಿಯ ಹುಡುಗಿಗೆ ಅಲ್ಲಿ ಸಿಇಟಿ ರ್‍ಯಾಂಕ್‌ನಿಂದ ಪ್ರಯೋಜನವಿಲ್ಲ.

ಒಂದೇ ಕ್ಯಾಂಪಸ್ಸು, ಒಂದೇ ಶಾಖೆ, ಒಂದೇ ಬೆಂಚು. ಆದರೆ ರಾಜ್ಯ ಖಾಸಗಿ ವಿವಿಯಲ್ಲಿ ಸಿಇಟಿ ಸೀಟಿನವನ ಶುಲ್ಕಕ್ಕೂ ಪಕ್ಕದವನ ಶುಲ್ಕಕ್ಕೂ ಅಜಗಜಾಂತರ. ಆದ್ದರಿಂದ ವಿವಿಯ ವೆಬ್‌ಸೈಟಿನ ಶುಲ್ಕ ನೋಡಿ ಬೆಚ್ಚುವ ಮೊದಲು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟ್ ಮ್ಯಾಟ್ರಿಕ್ಸ್ ಮತ್ತು ಶುಲ್ಕಪಟ್ಟಿ ನೋಡಬೇಕು.

ವೈದ್ಯಕೀಯದಲ್ಲಿ ಚಿತ್ರ ಬೇರೆ. ನೀಟ್ ಬಂದ ಮೇಲೆ ಡೀಮ್ಡ್ ವಿವಿಗಳ ಎಂಬಿಬಿಎಸ್ ಸೀಟು ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ಕಸ್ತೂರ್ಬಾ ಮೆಡಿಕಲ್ ಕಾಲೇಜಿಗೆ ಸೇರಬಯಸುವವರು ಕೆಇಎ ಕೌನ್ಸೆಲಿಂಗ್‌ಗೆ ಮಾತ್ರ ನೋಂದಾಯಿಸಿ ಕೂತರೆ ಆ ಸೀಟು ಕನಸಿನಲ್ಲೂ ಬರುವುದಿಲ್ಲ. ಎಂಸಿಸಿಯಲ್ಲಿ ಡೀಮ್ಡ್ ವಿಭಾಗಕ್ಕೆ ಬೇರೆಯೇ ನೋಂದಣಿ, ಬೇರೆಯೇ ಠೇವಣಿ.

ಸ್ವಾಯತ್ತತೆ ಎಲ್ಲ ಕೋರ್ಸಿಗೂ ಒಂದೇ ಅಲ್ಲ

ತಮ್ಮ ಸಿಲೆಬಸ್ ತಾವೇ ಬರೆಯುತ್ತೇವೆ ಎಂದು ಖಾಸಗಿ ವಿವಿಗಳು ಹೇಳಿಕೊಳ್ಳುವುದು ಅರ್ಧ ಸತ್ಯ. ಎಂಬಿಬಿಎಸ್ ಎಲ್ಲಿ ಓದಿದರೂ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಷಿಪ್. ಪಠ್ಯದ ಚೌಕಟ್ಟು ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು. ಅದರ 2023ರ ಮಾನದಂಡದಂತೆ 150 ಸೀಟಿನ ಕಾಲೇಜಿಗೆ 605 ಹಾಸಿಗೆಯ ಆಸ್ಪತ್ರೆ ಬೇಕು, ಆ ಹಾಸಿಗೆಗಳು ತುಂಬಿಯೂ ಇರಬೇಕು. ಹೊಸ ಕಾಲೇಜುಗಳು ಎಡವುವುದು ಇಲ್ಲೇ. ಕಟ್ಟಡ ಎರಡು ವರ್ಷದಲ್ಲಿ ಏಳುತ್ತದೆ, ರೋಗಿಗಳ ನಂಬಿಕೆ ಏಳುವುದಿಲ್ಲ. ಮಣಿಪಾಲ ಆರಂಭದಲ್ಲಿ ಮಂಗಳೂರಿಗೆ ಹೋದದ್ದೂ ಇದೇ ಕಾರಣಕ್ಕೆ. ಹೀಗೆಯೇ ದಂತ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನಿಗೆ ತಂತಮ್ಮ ಕೌನ್ಸಿಲ್ಲುಗಳಿವೆ. ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿಯಂಥ ಕೋರ್ಸುಗಳಿಗೆ 2021ರ ಕಾಯ್ದೆಯಿಂದ ಪ್ರತ್ಯೇಕ ಆಯೋಗ ಬಂದಿದೆ.

ಎಂಜಿನಿಯರಿಂಗ್‌ನಲ್ಲಿ ಸ್ವಾತಂತ್ರ್ಯ ನಿಜವಾಗಿಯೂ ದೊಡ್ಡದು. ವಿಟಿಯುವಿನಲ್ಲಿ ಪಠ್ಯ ಬದಲಾಗುವುದು ಸ್ಕೀಮ್ ಲೆಕ್ಕದಲ್ಲಿ: 2018ರ ಸ್ಕೀಮ್, 2021ರದು, 2022ರದು. ವಿವಿಯಾದರೆ ಬೋರ್ಡ್ ಆಫ್ ಸ್ಟಡೀಸ್ ಒಪ್ಪಿ, ಅಕಾಡೆಮಿಕ್ ಕೌನ್ಸಿಲ್ ಮುದ್ರೆ ಒತ್ತಿದರೆ ಮುಂದಿನ ಸೆಮಿಸ್ಟರಿಗೇ ಹೊಸ ವಿಷಯ. ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಹೆಸರಿನ ಬಿ.ಟೆಕ್‌ಗಳು ಖಾಸಗಿ ವಿವಿಗಳಲ್ಲಿ ಬೇಗ ಬೇಗ ಬಂದದ್ದು ಹೀಗೆ. ರಾಜ್ಯ ಖಾಸಗಿ ವಿವಿಗೆ, 2001ರ ಭಾರತಿದಾಸನ್ ವಿವಿ ತೀರ್ಪಿನ ಆಧಾರದಲ್ಲಿ, ಎಐಸಿಟಿಇಯ ಪೂರ್ವಾನುಮತಿಯೂ ಕಡ್ಡಾಯವಲ್ಲ. ಡೀಮ್ಡ್ ವಿವಿಗೆ 2018–19ರಿಂದ ಕಡ್ಡಾಯ.

ವೇಗಕ್ಕೆ ತಕ್ಕ ಅಪಾಯವೂ ಉಂಟು. ತಾಂತ್ರಿಕ ಕೋರ್ಸುಗಳ ಗುಣಮಟ್ಟ ಅಳೆಯುವ ಎನ್‌ಬಿಎ ಮಾನ್ಯತೆ ಸಿಗುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ. ಅದೂ ಕನಿಷ್ಠ ಎರಡು ತಂಡ ಓದಿ ಹೊರಬಿದ್ದ ಮೇಲೆ. ಅಲ್ಲಿಗೆ ಹೊಸ ಶಾಖೆಯ ಮೊದಲ ಐದಾರು ವರ್ಷ ಆ ಮುದ್ರೆ ಇರುವುದಿಲ್ಲ. ಭಾರತ 2014ರಲ್ಲಿ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ವಿದೇಶಗಳಲ್ಲಿ ಎಂಜಿನಿಯರ್ ಪರವಾನಗಿ ಪಡೆಯಲು ಅನುಕೂಲವಾಗುವುದು ಎನ್‌ಬಿಎ ಟಿಯರ್–1 ಮಾನ್ಯತೆ ಇದ್ದ ಕೋರ್ಸಿಗೆ ಮಾತ್ರ. ‘ನಮ್ಮದು ಎನ್‌ಬಿಎ ಕಾಲೇಜು’ ಎಂದು ಪ್ರವೇಶ ಕಚೇರಿಯಲ್ಲಿ ಹೇಳಿದರೆ ಯಾವ ಶಾಖೆಗೆ, ಯಾವ ವರ್ಷದವರೆಗೆ ಎಂದು ಕೇಳಬೇಕು. ಪದವಿಯ ಹೆಸರನ್ನೂ ನೋಡಬೇಕು. ಯುಜಿಸಿ ಪಟ್ಟಿಯಲ್ಲಿಲ್ಲದ ಚೆಂದದ ಹೆಸರು ಮುಂದೆ ಕೆಪಿಎಸ್‌ಸಿ ಅರ್ಜಿಯಲ್ಲಿ ‘ತತ್ಸಮಾನ’ದ ತಕರಾರು ತರುತ್ತದೆ.

ಇನ್ನೊಂದು ವಿಷಯ ಪರೀಕ್ಷೆ. ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆದು, ಅವರೇ ತಿದ್ದಿ, ಅವರೇ ಪದವಿ ಕೊಡುವ ವ್ಯವಸ್ಥೆಯಲ್ಲಿ ಅಂಕ ಉಬ್ಬುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ. ಮಾಹೆಯಂಥ ಹಳೆಯ ಸಂಸ್ಥೆಗೆ ಹಳೆವಿದ್ಯಾರ್ಥಿಗಳ ಹೆಸರೇ ಒಂದು ಕಡಿವಾಣ. ನಿನ್ನೆ ಮೊನ್ನೆ ಹುಟ್ಟಿದ ವಿವಿಗೆ ಅದೂ ಇಲ್ಲ.

ಜಾಹೀರಾತಿನ ಹಿಂದಿನ ಕೋಷ್ಟಕ

ಎನ್‌ಐಆರ್‌ಎಫ್ ರ್‍ಯಾಂಕ್ ಎಲ್ಲರ ಬಾಯಲ್ಲೂ ಇದೆ; ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಸ್ಥಾನ ಅದು. 2024ರ ವಿವಿಗಳ ಪಟ್ಟಿಯಲ್ಲಿ ಮಾಹೆ ನಾಲ್ಕನೆಯದು. ಆದರೆ ರ್‍ಯಾಂಕಿಗಿಂತ ಉಪಯುಕ್ತವಾದದ್ದು ಅದಕ್ಕಾಗಿ ಪ್ರತಿ ಸಂಸ್ಥೆ ಸಲ್ಲಿಸುವ ಮಾಹಿತಿ. ಅದರ ಪಿಡಿಎಫ್ ಸಂಸ್ಥೆಯ ವೆಬ್‌ಸೈಟಿನಲ್ಲೂ ಎನ್‌ಐಆರ್‌ಎಫ್ ತಾಣದಲ್ಲೂ ಸಿಗುತ್ತದೆ. ಅದರಲ್ಲಿ ಪ್ಲೇಸ್‌ಮೆಂಟ್ ಕೋಷ್ಟಕವನ್ನು ಅಡ್ಡಸಾಲಾಗಿ ಓದಿ: ಆ ವರ್ಷ ಸೇರಿದವರೆಷ್ಟು, ನಿಗದಿತ ಅವಧಿಯಲ್ಲೇ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಸಂಬಳದ ಮೀಡಿಯನ್ ಎಷ್ಟು, ಉನ್ನತ ಶಿಕ್ಷಣಕ್ಕೆ ಹೋದವರೆಷ್ಟು.

ಉದಾಹರಣೆಗೆ, 1,000 ಮಂದಿ ಸೇರಿ 780 ಮಂದಿ ನಾಲ್ಕೇ ವರ್ಷದಲ್ಲಿ ಮುಗಿಸಿ 500 ಮಂದಿಗೆ ಕೆಲಸ ಸಿಕ್ಕಿತು ಎನ್ನಿ. ಉನ್ನತ ಶಿಕ್ಷಣಕ್ಕೆ 60 ಮಂದಿ. ಜಾಹೀರಾತು ‘ಅರ್ಹರಲ್ಲಿ ಶೇ 90ಕ್ಕೂ ಹೆಚ್ಚು’ ಎನ್ನಬಹುದು. ಅರ್ಹರು ಯಾರೆಂದು ತೀರ್ಮಾನಿಸಿದ್ದು ಪ್ಲೇಸ್‌ಮೆಂಟ್ ಕಚೇರಿ. ಸೇರಿದವರ ಲೆಕ್ಕದಲ್ಲಿ ಅದು ಅರ್ಧ. ನಾಲ್ಕು ವರ್ಷದಲ್ಲಿ ಮುಗಿಸದ 220 ಮಂದಿ ಎಲ್ಲಿ ಹೋದರು ಎಂಬ ಪ್ರಶ್ನೆ ಪ್ಲೇಸ್‌ಮೆಂಟ್‌ಗಿಂತಲೂ ಮುಖ್ಯ. ಫಲಕದಲ್ಲಿ ಕಾಣುವ ಅತಿ ದೊಡ್ಡ ಪ್ಯಾಕೇಜ್ ಒಬ್ಬರದು. ಮೀಡಿಯನ್ ಎಂದರೆ ಅರ್ಧ ಮಂದಿಗೆ ಅದಕ್ಕಿಂತ ಕಡಿಮೆ. ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು ಕೂಡಿಸಿ ಬ್ಯಾಂಕ್ ಸಾಲದ ಕಂತನ್ನು ಈ ಮೀಡಿಯನ್ ಎದುರಿಗಿಟ್ಟು ನೋಡಬೇಕು.

ಸಂಸ್ಥೆಗಳ ಗುಣಮಟ್ಟಕ್ಕೆ ನ್ಯಾಕ್ ಮಂಡಳಿ ಕೊಡುವ ಗ್ರೇಡನ್ನು ಪೂರ್ತಿ ನೆಚ್ಚುವಂತಿಲ್ಲ. 4ಕ್ಕೆ 3.51 ಅಥವಾ ಹೆಚ್ಚು ಬಂದರೆ ಎ++; ಆದರೆ 2025ರ ಫೆಬ್ರವರಿಯಲ್ಲಿ ಆಂಧ್ರದ ಡೀಮ್ಡ್ ಸಂಸ್ಥೆಯೊಂದರ ಗ್ರೇಡಿಗೆ ಲಂಚ ಪಡೆದ ಆರೋಪದಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿತು. 2018ರಲ್ಲಿ ಘೋಷಣೆಯಾಗಿ 2020ರಲ್ಲಿ ಮಾಹೆಗೆ ಅಧಿಕೃತವಾಗಿ ಸಿಕ್ಕ, ಕೇಂದ್ರವು ಆಯ್ದ ಸಂಸ್ಥೆಗಳಿಗೆ ಕೊಟ್ಟ ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್ ಸ್ಥಾನವೂ ಹಣ ತರುವುದಿಲ್ಲ. ಸಾವಿರ ಕೋಟಿ ರೂಪಾಯಿ ಸರ್ಕಾರಿ ಸಂಸ್ಥೆಗಳಿಗಷ್ಟೇ, ಖಾಸಗಿಯವಕ್ಕೆ ಹೆಚ್ಚಿನ ಸ್ವಾಯತ್ತತೆ ಮಾತ್ರ.

ಸೀಟು ಬಿಡುವವರ ಹಣದ ವಿಚಾರದಲ್ಲಿ ಯುಜಿಸಿಯ 2018ರ ನಿಯಮ ಸ್ಪಷ್ಟವಾಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ, 15 ದಿನದೊಳಗಾದರೆ ಶೇ 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50, ಆಮೇಲೆ ಏನೂ ಇಲ್ಲ. ಪೂರ್ತಿ ವಾಪಸ್ ಕೊಡುವಾಗ ಸಂಸ್ಕರಣಾ ವೆಚ್ಚವಾಗಿ ಶೇ 5, ಅದೂ 5,000 ರೂಪಾಯಿ ಮೀರದಂತೆ ಹಿಡಿಯಬಹುದು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವು ಕೊಟ್ಟದ್ದೂ ಇದೆ. ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವುದು ನಿಯಮಬಾಹಿರ. ರದ್ದತಿಯನ್ನು ಫೋನಿನಲ್ಲಿ ಹೇಳಿ ಬಿಡಬಾರದು. ಇಮೇಲ್ ಕಳಿಸಿ ತಾರೀಖು ದಾಖಲಾಗುವಂತೆ ನೋಡಿಕೊಳ್ಳಬೇಕು, ಏಕೆಂದರೆ ವ್ಯಾಜ್ಯವೆಲ್ಲ ತಾರೀಖಿನ ಮೇಲೆಯೇ.

ಬಾಕಿ ಉಳಿದಿರುವ ದೊಡ್ಡ ಪ್ರಶ್ನೆ ಮೀಸಲಾತಿಯದು. ಸಂವಿಧಾನದ 15(5)ನೇ ವಿಧಿ ಖಾಸಗಿ ಸಂಸ್ಥೆಗಳಲ್ಲೂ ಮೀಸಲು ತರಲು 2006ರಿಂದಲೇ ಅವಕಾಶ ಕೊಟ್ಟಿದೆ, 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದೂ ಆಗಿದೆ. ಕೇಂದ್ರದ ಕಾಯ್ದೆ ಮಾತ್ರ ಬಂದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಶಿಕ್ಷಣ ಸ್ಥಾಯಿ ಸಮಿತಿ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಕ್ಕೆ ಶೇ 27 ಮೀಸಲಿಡುವ ಕಾಯ್ದೆಗೆ ಶಿಫಾರಸು ಮಾಡಿತು. ಕರ್ನಾಟಕದ ಖಾಸಗಿ ವಿವಿಗಳಲ್ಲಿ ಶೇ 40ರ ಸಿಇಟಿ ಪಾಲಿನೊಳಗೆ ರಾಜ್ಯದ ಮೀಸಲಾತಿ ಈಗಾಗಲೇ ನಡೆದಿರುವುದರಿಂದ ಅವಕ್ಕೆ ಇದು ತೀರಾ ಹೊಸದಲ್ಲ. ಅಂಥ ಕಾಯ್ದೆ ಬಂದರೆ ನಿಜವಾಗಿ ಲೆಕ್ಕ ತಿರುಗುವುದು ಸಿಇಟಿಯ ಹೊರಗಿರುವ ಡೀಮ್ಡ್ ಸಂಸ್ಥೆಗಳಲ್ಲಿ. ಮೀಸಲು ಸೀಟಿನ ಶುಲ್ಕವನ್ನು ಸರ್ಕಾರ ಭರಿಸುತ್ತದೆಯೋ, ಪಕ್ಕದ ವಿದ್ಯಾರ್ಥಿಯ ಶುಲ್ಕದಿಂದ ತುಂಬಿಸಲಾಗುತ್ತದೆಯೋ ಎಂಬುದು ಆಗ ಮತ್ತೆ ಕೋರ್ಟಿನ ಮೆಟ್ಟಿಲೇರುವ ವಿಷಯ.